ಗುಡುಗಣ್ಣ ಪುಟದಿಂದಾಚೆ ನೋಡಿದ ವಾರ

ಮೊದಲೇ ಹೇಳಿಬಿಡುತ್ತೇನೆ, ಕಥೆಯೊಳಗಿನವರು ಕಥೆ ಓದುವವರ ಜೊತೆ ಮಾತಿಗಿಳಿಯುವುದು ನನಗೆ ಒಂಚೂರೂ ಇಷ್ಟವಿಲ್ಲ. ಅವರ ಕೆಲಸ ಅವರು ಮಾಡಬೇಕು, ನಮ್ಮ ಕೆಲಸ ನಾವು ಮಾಡಬೇಕು. ನಡುವೆ ಒಂದು ಗೋಡೆ ಇದ್ದರೆ ಇಬ್ಬರಿಗೂ ಮರ್ಯಾದೆ. ಇದನ್ನು ನಿಮಗೇ, ಈ ಪುಟ ಹಿಡಿದು ಕೂತಿರುವವರಿಗೇ ನೇರವಾಗಿ ಹೇಳುತ್ತಿದ್ದೇನೆ ಅನ್ನುವುದು ನನ್ನ ಗಮನಕ್ಕೂ ಬಂದಿದೆ. ಇರಲಿ. ಆ ಗೋಡೆ ಒಡೆದ ಮೇಲೆ ನನ್ನ ಅಭ್ಯಾಸವೂ ಕೆಟ್ಟಿದೆ. ಒಡೆದವರು ನಮ್ಮ ಅಕ್ಷರದಕ್ಕ. ಬೇಕೆಂದು ಒಡೆದದ್ದಲ್ಲ, ತಪ್ಪಿ ಆದದ್ದು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ, ಆದ್ದರಿಂದ ಅವರ ಕಥೆಯನ್ನು ನಾನೇ ಹೇಳುವುದು ನ್ಯಾಯ.

ನಾನು ಮಕ್ಕಳ ವಾರಪತ್ರಿಕೆಯೊಂದರಲ್ಲಿ ಕರಡು ತಿದ್ದುವವನು. ಎದುರಿಗೆ ಎಲ್ಲರೂ ಕರಡಪ್ಪ ಅನ್ನುತ್ತಾರೆ, ನಾನು ಬಾಗಿಲು ದಾಟಿದ ಮೇಲೆ ಕರಡಿ ಅನ್ನುತ್ತಾರೆ. ನನ್ನ ಕಿವಿ ಇನ್ನೂ ಚೆನ್ನಾಗಿದೆ. ಪತ್ರಿಕೆಯ ನಡುವಿನ ಎಂಟು ಪುಟ ಗುಡುಗಣ್ಣನದು. ಹೆಗಲಿನಿಂದ ಮೊಣಕಾಲಿನವರೆಗೆ ಹಾರಾಡುವ ನಿಲುವಂಗಿ, ಒಮ್ಮೆ ಕೂಗಿದರೆ ಸೇತುವೆ ನಡುಗಿಸುವ ದನಿ, ಆಕಾಶದಲ್ಲಿ ಹಾರುವಾಗಲೂ ಕೆದರದ ಕ್ರಾಪು. ಅವನ ವೈರಿ ಇದ್ದಿಲುರಾಯ. ಪ್ರತಿ ವಾರ ಸೋತು, ಮುಂದಿನ ವಾರ ಮತ್ತೆ ಬರುವ ಮಾನಗೇಡಿ.

ಗುಡುಗಣ್ಣನನ್ನು ಮಾಡುವವರು ಮೂವರು. ಕಥೆ ಸಂಪಾದಕರದ್ದು. ಚಿತ್ರ ಬರೆಯುವವನು ಬೇರೆ ಊರಲ್ಲಿದ್ದಾನೆ, ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಇನ್ನು ಅವನ ಬಾಯಿಂದ ಬರುವ ಪ್ರತಿ ಮಾತು, ಪ್ರತಿ ಕೂಗು, ಪ್ರತಿ ಢಾಂ ಮತ್ತು ಧಡಾರ್ ಅಕ್ಷರದಕ್ಕನ ಕೈಯದು. ಮಾತಿನ ಸುತ್ತ ಗುಳ್ಳೆ ಎಳೆದು, ಗುಳ್ಳೆಗೆ ಬಾಲ ಎಳೆದು, ಆ ಬಾಲವನ್ನು ಸರಿಯಾದ ಬಾಯಿಗೆ ಮುಟ್ಟಿಸುವುದೂ ಅವರೇ.

ಅಕ್ಕನ ತಂದೆ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು. ಏಣಿಯ ಕೆಳಗೆ ಬಣ್ಣದ ಡಬ್ಬಿ ಹಿಡಿದು ನಿಲ್ಲುತ್ತಿದ್ದ ಮಗಳಿಗೆ ಮೇಲಿನಿಂದಲೇ ಪಾಠ: "ಅಕ್ಷರಕ್ಕೂ ಉಸಿರಾಡೋಕೆ ಜಾಗ ಬೇಕು ಮಗಳೇ. ಒತ್ತೊತ್ತಿ ನಿಲ್ಲಿಸಿದ್ರೆ ಓದೋನಿಗೆ ಉಸಿರು ಕಟ್ಟುತ್ತೆ, ಪಕ್ಕದ ಅಂಗಡಿಗೆ ಹೋಗ್ತಾನೆ." ಇಪ್ಪತ್ತೆರಡಕ್ಕೆ ನಮ್ಮಲ್ಲಿಗೆ ಬಂದವರು, ನಾನು ಹೇಳುತ್ತಿರುವ ವಾರಕ್ಕೆ ಐವತ್ತಾರು. ಅಷ್ಟೂ ವರ್ಷ ಅದೇ ಕಿಟಕಿಯ ಪಕ್ಕದ ಅದೇ ಓರೆ ಮೇಜು. ನಡುವೆ ಯಂತ್ರದ ಅಕ್ಷರ ಬಂತು. ಉಳಿದ ಪುಟಗಳೆಲ್ಲ ಯಂತ್ರಕ್ಕೆ ಹೋದವು. ಗುಡುಗಣ್ಣನನ್ನೂ ಒಂದು ವಾರ ಯಂತ್ರಕ್ಕೆ ಕೊಟ್ಟು ನೋಡಿದರು. ಅವನ ಕೂಗು ಸರ್ಕಾರಿ ಸುತ್ತೋಲೆಯ ಹಾಗೆ ಕೇಳಿಸಿತು. ಮರುವಾರವೇ ಅಕ್ಕನ ಮೇಜಿಗೆ ವಾಪಸ್ಸು.

ಅಕ್ಕ ಬರೆಯುವುದನ್ನು ನೋಡಬೇಕು. ಮೊದಲು ಶಬ್ದವನ್ನು ಬಾಯಲ್ಲಿ ಆಡಿ ನೋಡುತ್ತಿದ್ದರು. ಧಡಾರ್ ಬರೆಯುವ ಮುನ್ನ ಕೆನ್ನೆ ಊದುತ್ತಿತ್ತು, ಕಿರ್‍ರ್ ಬರೆಯುವಾಗ ಹಲ್ಲು ಕಾಣುತ್ತಿತ್ತು. ಕೋಣೆಯ ಆ ತುದಿಯಲ್ಲಿ ಕೂತೇ ನಮಗೆ ಈ ವಾರ ಯಾರಿಗೆ ಏಟು ಬಿತ್ತು ಎಂದು ತಿಳಿಯುತ್ತಿತ್ತು. ಇದೆಲ್ಲ ಅಮ್ಮನಿಂದ ಬಂದ ಅಭ್ಯಾಸವಂತೆ. ಕಡೆಯ ಆರು ವರ್ಷ ಅವರ ಅಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಮಗಳು ಪ್ರತಿ ವಾರ ಮಂಚದ ಪಕ್ಕ ಕೂತು ಗುಡುಗಣ್ಣನನ್ನು ಶಬ್ದ ಸಮೇತ ಓದಿ ಹೇಳುತ್ತಿದ್ದರು. "ನಿನ್ನ ಧಡಾರು ಪರವಾಗಿಲ್ಲ ಕಣೇ, ಢಾಂ ಇನ್ನೂ ಹಸಿ ಇದೆ" ಎಂದು ಆ ತಾಯಿ ತಿದ್ದುತ್ತಿದ್ದರಂತೆ. ಕರಡು ತಿದ್ದುವವರು ಅವರ ಮನೆಯಲ್ಲೂ ಇದ್ದರು ಅನ್ನಿ.

ಇಲ್ಲಿ ಒಂದು ಕಸುಬಿನ ವಿಷಯ ಹೇಳಬೇಕು, ಉದ್ದ ಮಾಡುವುದಿಲ್ಲ. ಚಿತ್ರಗಾರ ಪುಟದ ಮೇಲೆ ಎರಡು ಪೆನ್ಸಿಲ್ ಬಳಸುತ್ತಿದ್ದ. ಗುಡುಗಣ್ಣ ಆಡಬೇಕಾದ ಮಾತನ್ನು ಮಾಮೂಲಿ ಸೀಸದ ಪೆನ್ಸಿಲಿನಲ್ಲಿ ಗೀಚುತ್ತಿದ್ದ. ಅಕ್ಕ ಅದರ ಮೇಲೆ ಶಾಯಿಯಲ್ಲಿ ಬರೆದು, ಒಣಗಿದ ಮೇಲೆ ಸೀಸವನ್ನು ರಬ್ಬರಿನಿಂದ ಅಳಿಸುತ್ತಿದ್ದರು. ಇನ್ನೊಂದು ತಿಳಿನೀಲಿ ಪೆನ್ಸಿಲು. ಅಚ್ಚಿಗೆ ಪುಟದ ಫೋಟೋ ತೆಗೆಯುವ ಕ್ಯಾಮೆರಾಕ್ಕೆ ಆ ನೀಲಿ ಕಾಣುವುದಿಲ್ಲ. ಹಾಗಾಗಿ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತೆಲ್ಲ ನೀಲಿಯಲ್ಲಿ: ಈ ಗುಳ್ಳೆ ಚಿಕ್ಕದು ಮಾಡಿ, ಇಲ್ಲಿ ಕೂಗು ದಪ್ಪ ಇರಲಿ. ಕಪ್ಪು ಲೋಕಕ್ಕೆ, ನೀಲಿ ನಮ್ಮನಮ್ಮಲ್ಲಿ.

ಅಕ್ಕನೂ ಚಿತ್ರಗಾರನೂ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮುಖ ನೋಡಿರಲಿಲ್ಲ. ಅವನು ಫೋನಿನಲ್ಲಿ ಹೂಂ ಬಿಟ್ಟು ಬೇರೆ ಶಬ್ದ ಹೊರಡಿಸದ ಪ್ರಾಣಿ. ಆದರೆ ನೀಲಿ ಪೆನ್ಸಿಲ್ ಕೈಗೆ ಬಂದರೆ ವಾಚಾಳಿ. ಅಂಚಿನ ಖಾಲಿ ಜಾಗದಲ್ಲಿ ಮನೆಯ ಸುದ್ದಿಯೆಲ್ಲ ಬರುತ್ತಿತ್ತು. "ಅಕ್ಕಾ, ಮಗಳಿಗೆ ಮೊದಲ ಹಲ್ಲು." "ಅಕ್ಕಾ, ಇದ್ದಿಲುರಾಯನ ಮೂಗು ನಮ್ಮ ಮಾವನದು, ಯಾರಿಗೂ ಹೇಳಬೇಡಿ." ಅಕ್ಕ ಪ್ರತಿ ವಾರ ಹೊಸ ಕಥೆಯ ಜೊತೆ ಖಾಲಿ ಹಾಳೆಗಳನ್ನು ಬಸ್ಸಿಗೆ ಹಾಕುವಾಗ, ಮೊದಲ ಹಾಳೆಯ ಅಂಚಿನಲ್ಲಿ ನೀಲಿಯಲ್ಲೇ ಉತ್ತರ ಬರೆಯುತ್ತಿದ್ದರು. ಅವನು ಅಕ್ಕಾ ಅಂದರೆ ಇವರು ತಮ್ಮಾ. ಭೇಟಿಯಾಗಬೇಕು ಅನ್ನಿಸಲಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಬೇಕಾದ್ದೆಲ್ಲ ಅಂಚಲ್ಲೇ ಆಗ್ತಿದೆಯಲ್ಲ ಕರಡಪ್ಪನೋರೇ" ಎಂದಿದ್ದರು.

ಎರಡು ವರ್ಷದಿಂದ ಆ ಮಾತು ನಿಂತಿತ್ತು. ಹಾಗೆಂದು ಅಕ್ಕ ತಿಳಿದಿದ್ದರು. ಒಂದು ಮಧ್ಯಾಹ್ನ ಚಹಾ ಕುಡಿಯುತ್ತ ನನ್ನ ಹತ್ತಿರ ಹೇಳಿಕೊಂಡರು: "ಈಗ ಅಂಚು ಖಾಲಿ ಬರುತ್ತೆ. ದೊಡ್ಡ ಕಲಾವಿದ ಆದ. ಅಕ್ಷರ ಬರೆಯೋಳ ಹತ್ರ ಏನು ಮಾತು? ನಾನೂ ಬರೆಯೋದು ಬಿಟ್ಟೆ." ಹಗುರವಾಗಿ ಹೇಳಲು ನೋಡಿದರು. ಆಗಲಿಲ್ಲ. ನಾನು ಕತ್ತೆ, "ಕಾಲ ಹಾಗಿದೆ ಬಿಡಿ" ಎಂದು ನನ್ನ ಕರಡಿಗೆ ಮರಳಿದೆ. ಅದೇ ಹೊತ್ತಿಗೆ ಅವರ ಮೇಜಿನ ಮೇಲೆ ಇನ್ನೊಂದು ದೀಪ ಬಂದಿತ್ತು, ಗಡಿಯಾರ ರಿಪೇರಿ ಮಾಡುವ ಅವರ ಯಜಮಾನರ ಅಂಗಡಿಯಿಂದ ಒಂದು ಭೂತಗಾಜೂ ಬಂದಿತ್ತು. ನಾನು ಅದನ್ನೂ ನೋಡಿದೆ, ವಯಸ್ಸು ಎಂದುಕೊಂಡು ಸುಮ್ಮನಾದೆ.

ಆ ವಾರ ಗುಡುಗಣ್ಣ ಇದ್ದಿಲುರಾಯನನ್ನು ನದಿಗೆ ಎಸೆದು, ಒಂದು ಎತ್ತರದ ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಕೂತಿದ್ದ. ಕಡೆಯ ಚೌಕ. ಮುಖ ನಮ್ಮ ಕಡೆ. ಸಂಪಾದಕರ ಕಥೆಯ ಪ್ರಕಾರ ಅಲ್ಲಿ ಮಾತಿಲ್ಲ, ಬರೀ ಸಂಜೆ. ಅಚ್ಚಾಗಿ ಬಂದ ಪತ್ರಿಕೆಯಲ್ಲಿ ಅವನ ಬಾಯಿಂದ ಒಂದು ಗುಳ್ಳೆ ಹೊರಟಿತ್ತು. ಅಕ್ಕನ ಅತಿ ಚೆಂದದ ಕೈಬರಹದಲ್ಲಿ:

"ನೀವು ಅಲ್ಲಿ ಇದ್ದೀರಾ? ಎಷ್ಟು ದಿನದಿಂದ ಕೇಳುತ್ತಿದ್ದೇನೆ. ಒಂದು ಸಾಲಾದರೂ ಬರೆಯಿರಿ."

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕರಡು ನೋಡುವವನು ಎಂದು ನನಗೆ ಹೆಸರಿದೆ. ಆ ಕರಡನ್ನೂ ನಾನೇ ನೋಡಿದ್ದೆ. ನಿಜ ಹೇಳುತ್ತೇನೆ, ಕಥೆಯ ಹಾಳೆಯನ್ನು ಪಕ್ಕದಲ್ಲಿಟ್ಟು ಸಾಲುಸಾಲು ಹೋಲಿಸುವುದನ್ನು ನಾನು ಬಿಟ್ಟು ಬಹಳ ಕಾಲವಾಗಿತ್ತು. ಅಕ್ಕ ಬರೆದಿದ್ದಾರೆ ಅಂದರೆ ಸರಿಯಿರುತ್ತದೆ. ಮೂರು ವಾಕ್ಯ, ಒಂದು ಕಾಗುಣಿತದ ತಪ್ಪಿಲ್ಲ. ಸರಿ ಎಂದು ಗುರುತು ಹಾಕಿ ಕಳಿಸಿದ್ದೆ.

ಸಂಪಾದಕರು ಪತ್ರಿಕೆಯನ್ನು ಸುರುಳಿ ಸುತ್ತಿ ಹಿಡಿದು ಒಳಗೆ ಬಂದರು. ಅವರೇ ಕಥೆಗಾರರೂ ಆದ್ದರಿಂದ ಸಿಟ್ಟು ಇಬ್ಬರದ್ದು.

"ಗುಡುಗಣ್ಣನಿಗೆ ತಾನು ಪುಸ್ತಕದಲ್ಲಿದ್ದೀನಿ ಅಂತ ಗೊತ್ತಿಲ್ಲ ಕಣ್ರೀ! ಗೊತ್ತಾದ್ರೆ ಅವನು ಯಾಕೆ ಒದ್ದಾಡಿ ಹೊಡೆದಾಡ್ತಾನೆ? ಕೊನೇ ಪುಟ ತಿರುಗಿಸಿ, ಗೆದ್ದೆ ಅಂತ ನೋಡ್ಕೊಂಡು ಮನೆಗೆ ಹೋಗಿ ಮಲಗ್ತಾನೆ! ಯಾರು ಬರೆದದ್ದು ಇದು?"

"ಪುಟದಲ್ಲಿತ್ತು ಸರ್, ಬರೆದೆ" ಎಂದರು ಅಕ್ಕ. ಅದು ಹೊಸದೇನಲ್ಲ. ಸಂಪಾದಕರು ಕೊನೆ ಗಳಿಗೆಯಲ್ಲಿ ಚಿತ್ರಗಾರನಿಗೆ ಫೋನ್ ಮಾಡಿ ಮಾತು ಬದಲಿಸುವುದು ವಾರವಾರದ ಪಾಡು. ಕಥೆಯ ಹಾಳೆಯಲ್ಲಿ ಇಲ್ಲದಿದ್ದರೂ ಪುಟದ ಮೇಲೆ ಸೀಸದಲ್ಲಿದ್ದರೆ ಅದೇ ಕಡೆಯ ಮಾತು ಎನ್ನುವುದು ನಮ್ಮಲ್ಲಿ ನಡೆದುಬಂದ ಕ್ರಮ.

ಸಂಪಾದಕರು ಅಲ್ಲೇ ಚಿತ್ರಗಾರನಿಗೆ ಫೋನ್ ಮಾಡಿದರು. "ಗುಡುಗಣ್ಣನ ಬಾಯಿಗೆ ಆ ಮಾತು ಯಾಕಯ್ಯ ಬರೆದೆ?"

"ಗುಡುಗಣ್ಣನ ಬಾಯಿಗೆ ಬರೆದಿಲ್ಲ ಸರ್."

"ಮತ್ತೆ ಯಾರ ಬಾಯಿಗೆ?"

ಅವನು ಹೂಂ ಕೂಡ ಅನ್ನದೆ ಫೋನ್ ಇಟ್ಟ. ಸಂಪಾದಕರು ನಮ್ಮೆಲ್ಲರನ್ನೂ ಒಮ್ಮೆ ಸುಟ್ಟುಬಿಡುವ ಹಾಗೆ ನೋಡಿ ಒಳಗೆ ಹೋದರು.

ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿಕೊಂಡು ಬೀರುವಿನ ಹತ್ತಿರ ಹೋದೆ. ಮೂಲ ಪುಟಗಳೆಲ್ಲ ಅಲ್ಲಿ ಕಟ್ಟು ಕಟ್ಟಾಗಿ ಇರುತ್ತವೆ. ನನಗೆ ಬರುವುದು ಅಚ್ಚಿನ ಕರಡು ಮಾತ್ರ, ಮೂಲ ಪುಟವನ್ನು ನಾನು ಮುಟ್ಟುವುದೇ ಅಪರೂಪ. ಆ ವಾರದ ಕೊನೆಯ ಪುಟ ತೆಗೆದು ಕಿಟಕಿಗೆ ಹಿಡಿದೆ. ಕಪ್ಪು ಅಕ್ಷರಗಳ ಹಿಂದೆ, ರಬ್ಬರು ಉಜ್ಜಿ ಉಜ್ಜಿ ಕಾಗದ ಎದ್ದಿದ್ದ ಜಾಗದಲ್ಲಿ, ಇನ್ನೂ ಬಣ್ಣ ಉಳಿದಿತ್ತು. ನೀಲಿ. ಅಂಚು ಬಿಟ್ಟು, ಚೌಕದೊಳಗಿನ ಖಾಲಿ ಆಕಾಶದಲ್ಲೇ ಒತ್ತಿ ಒತ್ತಿ ಬರೆದ ನೀಲಿ.

ಪುಟವನ್ನು ಅಕ್ಕನ ಮೇಜಿಗೆ ತಂದೆ. "ಅಕ್ಕಾ, ಇದು ಯಾವ ಬಣ್ಣ?"

"ಸೀಸ. ಎಂಥ ಸೀಸ ತಗೊಂಡಿದ್ದಾನೋ, ರಬ್ಬರಿಗೆ ಬಗ್ಗಲೇ ಇಲ್ಲ ನೋಡಿ."

ಅವರ ಡಬ್ಬಿಯಿಂದಲೇ ಎರಡು ಪೆನ್ಸಿಲ್ ತೆಗೆದು ಒಂದು ಚೂರು ಕಾಗದದ ಮೇಲೆ ಎರಡು ಗೆರೆ ಎಳೆದೆ, ಒಂದು ಸೀಸದ್ದು, ಒಂದು ನೀಲಿಯದು. ಯಾವುದು ಯಾವುದು ಎಂದು ಕೇಳಿದೆ. ಅಕ್ಕ ನಗುತ್ತ ಬಗ್ಗಿದರು. ನಗು ಅರ್ಧಕ್ಕೆ ನಿಂತಿತು. ಭೂತಗಾಜು ಹಿಡಿದರು, ಎರಡನೆಯ ದೀಪ ಹಾಕಿದರು, ಕಾಗದವನ್ನು ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ, "ಎರಡೂ ಬೂದಿ ಬಣ್ಣ" ಎಂದರು.

ಅಕ್ಕ ಪುಟವನ್ನು ತಮ್ಮ ಕಡೆ ಎಳೆದುಕೊಂಡು, ತಾವೇ ಬರೆದ ಸಾಲನ್ನು ಮೊದಲ ಸಲ ಓದುವವರ ಹಾಗೆ ಓದಿದರು.

"ಹಾಗಾದ್ರೆ ಇದು ನನಗೆ ಬರೆದದ್ದು."

"ಹೌದು."

"ಎಷ್ಟು ದಿನದಿಂದ ಕೇಳುತ್ತಿದ್ದೇನೆ ಅಂತಾನೆ. ಅಂದ್ರೆ ಅವನು ನಿಲ್ಲಿಸೇ ಇರಲಿಲ್ಲ." ಭೂತಗಾಜನ್ನು ಮಗುಚಿಟ್ಟರು. "ಅಮ್ಮನಿಗೂ ಹೀಗೇ ಶುರುವಾಯ್ತು. ಮೊದಲು ಬಣ್ಣ ಹೋಯ್ತು. ಆಮೇಲೆ ಮುಖ. ನಮ್ಮ ವಂಶದ ಕಣ್ಣು ಇಷ್ಟೇ ಕರಡಪ್ಪನೋರೇ. ಯಾರಿಗೂ ಹೇಳಬೇಡಿ. ಇನ್ನೆಷ್ಟು ವಾರ ಆಗುತ್ತೋ ಅಷ್ಟು ಬರೀತೀನಿ."

"ಅವನಿಗಾದ್ರೂ ಒಂದು ಸಾಲು ಬರೀರಿ."

"ಏನಂತ? ಕುರುಡಿ ಆಗ್ತಿದ್ದೀನಿ ಅಂತಲಾ?"

ನಾನು ಬಾಯಿ ಮುಚ್ಚಿಕೊಂಡೆ. ಮುಚ್ಚಬಾರದಿತ್ತು, ಗೊತ್ತು. ನೀವಾಗಿದ್ದರೆ ಮುಚ್ಚುತ್ತಿರಲಿಲ್ಲ ಎಂದು ಅನ್ನಿಸಬಹುದು. ಅಲ್ಲಿ ಕೂತು ಹಾಗೆ ಅನ್ನಿಸುವುದು ಸುಲಭ.

ಎರಡು ದಿನ ಬಿಟ್ಟು ಅಂಚೆಯವರು ಬಾಗಿಲಲ್ಲಿ ನಿಂತು, "ಏನ್ರೀ ಇದು, ನಿಮ್ಮ ಪತ್ರಿಕೇಲಿ ಯಾರಿಗಾದ್ರೂ ಮದುವೇನಾ?" ಎಂದರು. ಚೀಲದ ತುಂಬ ಕಾರ್ಡು, ಕವರು, ನೋಟ್‌ಪುಸ್ತಕದಿಂದ ಹರಿದ ಹಾಳೆ. ಮರುದಿನ ಇನ್ನೊಂದು ಚೀಲ. ಗುಡುಗಣ್ಣ ಕೇಳಿದ್ದಕ್ಕೆ ಮಕ್ಕಳು ಉತ್ತರ ಬರೆದಿದ್ದರು.

"ಗುಡುಗಣ್ಣ, ನಾನು ಇದ್ದೀನಿ. ಮಂಚದ ಮೇಲೆ ಇದ್ದೀನಿ. ಜ್ವರ." "ನೀನು ಕೇಳಿದ್ದು ನನ್ನನ್ನಾ, ನನ್ನ ತಂಗಿಯನ್ನಾ? ಪತ್ರಿಕೆ ನನ್ನದು, ಅವಳು ಇಣುಕಿ ನೋಡ್ತಾಳೆ ಅಷ್ಟೆ." ಒಬ್ಬ, "ನೀನು ಸೇತುವೆ ಮುರಿದದ್ದು ನಾನು ನೋಡಿದೆ, ಯಾರಿಗೂ ಹೇಳಿಲ್ಲ" ಎಂದು ಭರವಸೆ ಕೊಟ್ಟಿದ್ದ. ಒಂದು ಕಾರ್ಡಿನಲ್ಲಿ ದೊಡ್ಡ ದೊಡ್ಡ ಸೊಟ್ಟ ಅಕ್ಷರದಲ್ಲಿ ಹೀಗಿತ್ತು: "ಇದ್ದೇನೆ. ಇಷ್ಟು ದಿನ ಕೇಳಿದೆಯಾ? ನನಗೆ ಕೇಳಿಸಲೇ ಇಲ್ಲ. ಬೇಜಾರಾಗಬೇಡ." ಅಕ್ಕ ಅಕ್ಷರ ದೊಡ್ಡದಿದ್ದ ಕಾರ್ಡುಗಳನ್ನು ಆರಿಸಿಕೊಂಡು ಓದುತ್ತಿದ್ದರು. ಆ ಕಾರ್ಡನ್ನು ಓದಿ ತಮ್ಮ ಡಬ್ಬಿಯಲ್ಲಿ ಇಟ್ಟುಕೊಂಡರು.

ಸಂಪಾದಕರು ತಲೆ ಮೇಲೆ ಕೈ ಹೊತ್ತು ಕೂತಿದ್ದವರು ಈಗ ಕುಣಿಯುವುದೊಂದು ಬಾಕಿ. ಕಥೆಗಾರರಾಗಿ ಬೈದಿದ್ದ ಬಾಯಿಂದಲೇ ಸಂಪಾದಕರಾಗಿ ಹೊಗಳಿದರು. "ಅಕ್ಕಾ, ಎಂಥ ಉಪಾಯ ನಿಮ್ಮದು! ಇನ್ಮೇಲೆ ಗುಡುಗಣ್ಣನಿಗೆ ಎಲ್ಲ ಗೊತ್ತಿರಲಿ. ಪುಟ ತಿರುಗಿಸೋ ಕೈ ಗೊತ್ತಿರಲಿ, ಚೌಕದ ಗೆರೆ ಗೊತ್ತಿರಲಿ. ವಾರಕ್ಕೊಂದು ಮಾತು ಓದೋರ ಹತ್ರ ಆಡಲಿ. ನೀವೇ ಬರೀರಿ."

ಬೈಗುಳವನ್ನು ತಡೆದುಕೊಂಡಿದ್ದ ಅಕ್ಕ ಹೊಗಳಿಕೆಯನ್ನು ತಡೆದುಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಒಂದು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟರು. "ಸಂಪಾದಕರಿಗೆ ಕೊಡೋ ಮುಂಚೆ ತಪ್ಪಿದ್ಯಾ ನೋಡಿ." ಕೆಲಸ ಬಿಡುವ ಪತ್ರ. ಕಣ್ಣಿನ ಕಾರಣದಿಂದ ಇನ್ನು ಮುಂದೆ ಈ ಕೆಲಸ ನನ್ನಿಂದ ಆಗದು, ದಯವಿಟ್ಟು ಬಿಡುಗಡೆ ಮಾಡಬೇಕು. ಅಕ್ಷರಗಳೆಲ್ಲ ಒಂದಕ್ಕೊಂದು ಜಾಗ ಬಿಟ್ಟು, ಉಸಿರಾಡುತ್ತ ನಿಂತಿದ್ದವು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಕೆಂಪು ಪೆನ್ನು ತೆಗೆದೆ.

"ಇದರಲ್ಲಿ ತಪ್ಪಿದೆ."

"ಎಲ್ಲಿ?"

"ಇಲ್ಲಿ. 'ಇನ್ನು ಮುಂದೆ' ತಪ್ಪು, 'ಸದ್ಯಕ್ಕೆ' ಅಂತ ಇರಬೇಕು. 'ಬಿಡುಗಡೆ' ತಪ್ಪು, 'ರಜೆ' ಅಂತ ಇರಬೇಕು. ಇಲ್ಲಿ ಡಾಕ್ಟರ ಹೆಸರೇ ಬಿಟ್ಟುಹೋಗಿದೆ. ಡಾಕ್ಟರ ಹತ್ರ ಹೋದ್ರಾ ಅಕ್ಕಾ?"

"ಹೋಗಿ ಏನು ಕೇಳೋದು? ಅಮ್ಮನ್ನ ನೋಡಿದೀನಲ್ಲ."

"ಅಮ್ಮನ್ನ ಯಾವ ಡಾಕ್ಟರು ನೋಡಿದ್ರು?"

ಯಾರೂ ನೋಡಿರಲಿಲ್ಲ. ವಯಸ್ಸಾಯ್ತು, ಹಣೆಬರಹ ಎಂದು ಮನೆಯವರೆಲ್ಲ ಒಪ್ಪಿಕೊಂಡಿದ್ದರು, ಆ ತಾಯಿಯೂ ಸೇರಿ. ನಾನು ತಿದ್ದಿದ ಹಾಳೆಯನ್ನು ಮಡಚಿ ನನ್ನ ಕಿಸೆಗೆ ಹಾಕಿಕೊಂಡು ನೇರ ಗಡಿಯಾರದ ಅಂಗಡಿಗೆ ಹೋದೆ.

ಅಕ್ಕನ ಯಜಮಾನರು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಒಂದು ಸಣ್ಣ ಹಲ್ಲುಚಕ್ರ ಕೂಡಿಸುತ್ತಿದ್ದರು. ನಾನು ಹೇಳುವುದನ್ನು ಪೂರ್ತಿ ಕೇಳಿದರು. ಗಾಜು ತೆಗೆದು, ಹಾಕಿಕೊಂಡಿದ್ದ ನೀಲಿ ಅಂಗಿಯ ಮೂರನೆಯ ಗುಂಡಿ ತೋರಿಸಿದರು. ಅದು ಬೂದಿ ಬಣ್ಣದ್ದು. "ಆರು ತಿಂಗಳ ಹಿಂದೆ ಹೊಲಿದುಕೊಟ್ಟಳು. ನೀಲಿ ಗುಂಡಿ ಮುಗಿದಿರಬೇಕು ಅಂದ್ಕೊಂಡೆ. ದೀಪದ ಬುಡದಲ್ಲೇ ಕತ್ತಲು ನೋಡಿ ನಮ್ಮದು." ಅಂಗಡಿಗೆ ಆಗಲೇ ಬೀಗ ಹಾಕಿದರು. ಅಕ್ಕನನ್ನು ಕರೆದುಕೊಂಡು ಆವತ್ತೇ ಹೋದರು.

ಆಸ್ಪತ್ರೆಯಲ್ಲಿ ಆದದ್ದನ್ನು ಅಕ್ಕ ಆಮೇಲೆ ಹೇಳಿದ್ದು. ಡಾಕ್ಟರಮ್ಮ ದೀಪ ಹಿಡಿದು ಎರಡೂ ಕಣ್ಣು ನೋಡಿ, "ಪೊರೆ ಬಂದಿದೆ, ಎರಡೂ ಕಡೆ" ಎಂದರಂತೆ. ಹಳದಿಗಟ್ಟಿದ ಗಾಜಿನ ಹಿಂದೆ ಕೂತ ಹಾಗೆ. ತಿಳಿಯಾಗಿ ಬರೆದದ್ದು ಮಂಜಿನಲ್ಲಿ ಹೋಗುತ್ತದೆ, ಒತ್ತಿ ಬರೆದ ನೀಲಿ ಬೂದಿಯಾಗಿ ಕಾಣುತ್ತದೆ. ತೆಗೆದು ಬೇರೆ ಮಸೂರ ಹಾಕಬಹುದು, ಒಂದಾದ ಮೇಲೆ ಒಂದು, ಒಟ್ಟು ಆರು ವಾರ. "ಆಮೇಲೆ ಬಣ್ಣ ಕಾಣುತ್ತಾ?" "ನಿಮಗೇ ಸಾಕು ಅನ್ನಿಸುವಷ್ಟು."

ಅಕ್ಕ ಎದ್ದು ಬಾಗಿಲವರೆಗೆ ಬಂದು ಮತ್ತೆ ತಿರುಗಿದರಂತೆ. "ಅಮ್ಮನಿಗೂ ಇದೇ ಆಗಿರಬಹುದಾ?"

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. "ನೋಡದೆ ಹೇಳೋಕಾಗಲ್ಲಮ್ಮ. ಆಗಿರಬಹುದು."

ದಾರಿಯುದ್ದಕ್ಕೂ ಅಕ್ಕ ಅತ್ತರು. ತಮ್ಮ ಕಣ್ಣು ಉಳಿಯುತ್ತದೆ ಅನ್ನುವ ಸುದ್ದಿಗೆ ನಗುವುದಕ್ಕೂ ಆ ದಿನ ಅವರಿಗೆ ಆಗಲಿಲ್ಲ. ಇದನ್ನು ಬರೆಯುವಾಗ ನನಗೂ ಸಂಕಟವಾಗುತ್ತದೆ. ಆರು ವರ್ಷ ಮಗಳ ಬಾಯಿಂದ ಕೇಳಿದ ಢಾಂ ಅನ್ನು ಆ ತಾಯಿ ಕಣ್ಣಾರೆ ನೋಡಬಹುದಿತ್ತು.

ತಿದ್ದಿದ ಪತ್ರವನ್ನು ಸಂಪಾದಕರಿಗೆ ನಾನೇ ಕೊಟ್ಟು, ಉಪಾಯ ಯಾರದ್ದೂ ಅಲ್ಲ, ನೀಲಿ ಬೂದಿಯಾಗಿ ಕಂಡದ್ದು ಎಂದು ಎಲ್ಲ ಹೇಳಿದೆ. ನನ್ನ ಸೋಮಾರಿತನವನ್ನೂ ಹೇಳಿದೆ. ಅವರು ಓದಿ, ಕನ್ನಡಕ ಒರೆಸಿ, "ಆರಲ್ಲ, ಎಂಟು ವಾರ ತಗೊಳ್ಳಲಿ" ಎಂದರು. ಆಮೇಲೆ ಅವರಿಗೆ ಹೊಳೆಯಿತು. "ಅಲ್ಲಿವರೆಗೆ ಬರೆಯೋರು ಯಾರು? ಯಂತ್ರ ಬೇಡ, ಮಕ್ಕಳು ಕಲ್ಲು ಹೊಡೀತಾರೆ."

ಚಿತ್ರಗಾರನಿಗೂ ಫೋನ್ ಮಾಡಿ ಹೇಳಿದೆವು. ಪೂರ್ತಿ ಕೇಳಿಕೊಂಡ. ನಾನು ಹೂಂಗೆ ಕಾಯುತ್ತಿದ್ದೆ.

"ಹಾಗಾದ್ರೆ ಅಕ್ಕನಿಗೆ ನನ್ನ ಮೇಲೆ ಬೇಜಾರಿರಲಿಲ್ವಾ?"

"ಇರಲಿಲ್ಲಪ್ಪ. ನಿನಗೆ ಅವರ ಮೇಲೆ ಬೇಜಾರು ಅಂತ ಅವರು ಅಂದ್ಕೊಂಡಿದ್ರು."

"ಅಯ್ಯೋ" ಎಂದ. ಆಮೇಲೆ, "ಪುಟ ನಾನು ನೋಡ್ಕೋತೀನಿ, ಅಕ್ಷರ ಯಾರಾದ್ರೂ ಬರೀಲಿ, ಎಷ್ಟು ಕೆಟ್ಟದಾಗಿದ್ರೂ ಪರವಾಗಿಲ್ಲ" ಎಂದ. ಅಷ್ಟು ಉದ್ದ ಅವನು ಮಾತಾಡಿದ್ದು ಅದೇ ಮೊದಲು.

ಎಷ್ಟು ಕೆಟ್ಟದಾಗಿದ್ದರೂ ಪರವಾಗಿಲ್ಲ ಅಂದ ಮೇಲೆ ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಕೈಬರಹವನ್ನು ನಮ್ಮ ಬೀದಿಯ ಔಷಧಿ ಅಂಗಡಿಯವನೂ ಓದಲಾರ.

ಆ ವಾರದ ಎಂಟು ಪುಟ ನೀವು ನೋಡಬೇಕಿತ್ತು. ಇದ್ದಿಲುರಾಯ ಮುಷ್ಟಿ ಎತ್ತಿದ್ದಾನೆ, ಗುಡುಗಣ್ಣ ಕೈ ಅಡ್ಡ ಹಿಡಿದು ನಮ್ಮ ಕಡೆ ತಿರುಗಿದ್ದಾನೆ. ನನ್ನ ಕಾಗೆಕಾಲಿನ ಅಕ್ಷರದಲ್ಲಿ ಅವನ ಮಾತು: "ತಡಿ. ನಮ್ಮ ಧಡಾರ್ ಬರೆಯುವ ಅಕ್ಕ ಕಣ್ಣು ತೋರಿಸಲು ಹೋಗಿದ್ದಾರೆ. ಅವರು ಬರುವವರೆಗೆ ಹೊಡೆದರೂ ಸದ್ದು ಬರುವುದಿಲ್ಲ." ಇದ್ದಿಲುರಾಯ: "ಈ ಅಕ್ಷರ ಯಾರದ್ದು? ಕೋಳಿ ಕೆದರಿದ ಹಾಗಿದೆ." ಗುಡುಗಣ್ಣ: "ಮೆಲ್ಲಗೆ ಮಾತಾಡು, ಅವರಿಗೆ ಕೇಳಿಸುತ್ತದೆ." ಈ ಸಾಲುಗಳನ್ನು ನನ್ನ ಕೈಯಿಂದಲೇ ಬರೆಸಿದರು, ಅದೂ ಸಂಪಾದಕರು ಪಕ್ಕದಲ್ಲಿ ನಿಂತು ನಗುತ್ತ. ಮುಂದಿನ ವಾರಗಳಲ್ಲಿ ಇಬ್ಬರೂ ಚೌಕದ ಕೆಳಗೆರೆಯ ಮೇಲೆ ಕಾಲು ಇಳಿಬಿಟ್ಟು ಕೂತು ಚದುರಂಗ ಆಡಿದರು. ಗುಳ್ಳೆಗಳನ್ನು ಖಾಲಿ ಬಿಟ್ಟು, ನಮ್ಮ ಮಾತು ನೀವೇ ಬರೆಯಿರಿ ಎಂದು ಮಕ್ಕಳಿಗೆ ಕೊಟ್ಟರು. ಒಬ್ಬಳು ಇದ್ದಿಲುರಾಯನ ಗುಳ್ಳೆಯಲ್ಲಿ "ಅಕ್ಕನ ಕಣ್ಣು ಬೇಗ ಸರಿಯಾಗಲಿ, ನನಗೆ ಏಟು ತಿನ್ನದೆ ಬೇಜಾರಾಗಿದೆ" ಎಂದು ಬರೆದು ಕಳಿಸಿದಳು. ಅಂಥವನ್ನೆಲ್ಲ ಅಕ್ಕನ ಯಜಮಾನರು ಮನೆಯಲ್ಲಿ ಓದಿ ಹೇಳುತ್ತಿದ್ದರು. ಶಬ್ದ ಅವರಿಗೆ ಬರುವುದಿಲ್ಲವಂತೆ, ಢಾಂ ಅನ್ನು ಟಿಕ್ ಎಂದ ಹಾಗೆ ಅನ್ನುತ್ತಾರಂತೆ.

ಗೋಡೆ ಇರಬೇಕು ಅನ್ನುವವನು ನಾನು. ಆದರೆ ಆ ವಾರಗಳಲ್ಲಿ ಗೋಡೆಯ ಎರಡೂ ಕಡೆಯವರು ಒಬ್ಬ ಹೆಂಗಸಿಗಾಗಿ ಕಾಯುತ್ತಿದ್ದರು. ಅದನ್ನು ತಪ್ಪು ಎಂದು ನಾನು ಹೇಗೆ ತಿದ್ದಲಿ?

ಎಂಟು ವಾರ ಕಳೆದ ಸೋಮವಾರ ಅಕ್ಕ ಬಂದರು. ಮೆಟ್ಟಿಲ ಮೇಲೆಯೇ ನಿಂತರು. ಗೋಡೆಯ ಕ್ಯಾಲೆಂಡರು, ನನ್ನ ಶಾಯಿ ಕುಡಿಕೆ, ಕಿಟಕಿಯಾಚೆಯ ಆಕಾಶ ಎಲ್ಲವನ್ನೂ ಒಂದೊಂದಾಗಿ ನೋಡಿದರು. "ಇಷ್ಟೊಂದು ನೀಲಿ ಇತ್ತಾ ಇಲ್ಲಿ! ಕಣ್ಣಿಗೆ ಚುಚ್ಚುತ್ತೆ ಕಣ್ರೀ" ಎಂದು ಚಿಕ್ಕ ಹುಡುಗಿಯ ಹಾಗೆ ನಕ್ಕರು. ಯಜಮಾನರ ಅಂಗಿಯ ಗುಂಡಿ ಮಾತ್ರ ಬದಲಿಸಲು ಹೋದಾಗ ಅವರು ಬೇಡ ಅಂದರಂತೆ. ಇರಲಿ ಬಿಡು, ಒಳ್ಳೇ ಗುರುತು ಎಂದರಂತೆ.

ಮೇಜಿಗೆ ಹೋಗಲಿಲ್ಲ ಅಕ್ಕ. ನೇರ ಬೀರುವಿಗೆ ಹೋದರು. ಎರಡು ವರ್ಷದ ಕಟ್ಟುಗಳನ್ನು ಇಳಿಸಿಕೊಂಡು ನೆಲದ ಮೇಲೆಯೇ ಕೂತರು. ನಾನು ನನ್ನ ಜಾಗದಿಂದ ನೋಡುತ್ತಿದ್ದೆ. ಪುಟದ ನಂತರ ಪುಟ, ಖಾಲಿ ಎಂದುಕೊಂಡಿದ್ದ ಪ್ರತಿ ಅಂಚಿನಲ್ಲೂ ತಿಳಿನೀಲಿ ಇತ್ತು.

"ಅಕ್ಕಾ, ಮಗಳು ಓದಲು ಕಲಿತಳು. ಮೊದಲು ಓದಿದ್ದು ನಿಮ್ಮ ಢಾಂ." "ಅಕ್ಕಾ, ಬೆನ್ನುನೋವು, ಅದಕ್ಕೆ ಗುಡುಗಣ್ಣನೂ ಈ ವಾರ ಬಗ್ಗಿಲ್ಲ." "ಅಕ್ಕಾ, ನಾನೇನಾದರೂ ತಪ್ಪು ಬರೆದೆನೇ?" "ಅಕ್ಕಾ, ಕ್ಷೇಮ ತಾನೇ?" "ಮಾವ ತೀರಿಕೊಂಡರು. ಇದ್ದಿಲುರಾಯನ ಮೂಗು ಇನ್ನು ಮುಂದೆ ಹೀಗೇ ಇರಲಿ." "ಅಕ್ಷರದಲ್ಲಿ ನೀವಿದ್ದೀರಿ, ಅಂಚಿನಲ್ಲಿ ಯಾಕಿಲ್ಲ?"

ಅಕ್ಕ ಓದುತ್ತ ನಕ್ಕರು, ಓದುತ್ತ ಅತ್ತರು, ಹೊಸ ಕಣ್ಣಿಗೆ ಒಳ್ಳೆಯದಲ್ಲ ಎಂದು ನಾನು ಗದರಿದರೆ, "ಸುಮ್ಮನಿರಿ ಕರಡೀ" ಎಂದರು. ಮುಖದ ಮೇಲೆಯೇ! ಆಮೇಲೆ ನೀಲಿ ಪೆನ್ಸಿಲು ಚೂಪು ಮಾಡಿಕೊಂಡು, ಎರಡು ವರ್ಷದ ಒಂದೊಂದು ಮಾತಿನ ಕೆಳಗೂ ಒಂದೊಂದು ಉತ್ತರ ಬರೆಯತೊಡಗಿದರು. ಆ ಪುಟಗಳು ಬೀರುವಿನಿಂದ ಎಲ್ಲಿಗೂ ಹೋಗುವಂಥವಲ್ಲ ಎಂದೆ. "ಗೊತ್ತು. ಬಾಕಿ ಇಟ್ಕೊಳ್ಳೋದು ನನಗೆ ಆಗಲ್ಲ" ಎಂದರು. ಮಗುವಿನ ಕಾರ್ಡು ಡಬ್ಬಿಯಿಂದ ಹೊರಬಂದು ಪಕ್ಕದಲ್ಲಿತ್ತು.

ಮಧ್ಯಾಹ್ನದ ಮೇಲೆ ಹೊಸ ವಾರದ ಪುಟ ಹಿಡಿದರು. ಚದುರಂಗ ಮುಗಿದಿತ್ತು. ಗುಡುಗಣ್ಣ ಎದ್ದಿದ್ದ, ಇದ್ದಿಲುರಾಯ ಎದ್ದಿದ್ದ, ಎಂಟು ವಾರ ತಡೆದಿಟ್ಟ ಏಟು ಬೀಳಬೇಕಿತ್ತು. ಅಕ್ಕನ ಕೆನ್ನೆ ಊದಿತು. ಇಡೀ ಕೋಣೆ ಪೆನ್ನು ಕೆಳಗಿಟ್ಟು ನೋಡಿತು. ಅಂಥ ಧಡಾರನ್ನು ನಾನು ಕಂಡಿಲ್ಲ, ಪುಟದ ಈ ತುದಿಯಿಂದ ಆ ತುದಿಯವರೆಗೆ. ಅವರ ಅಮ್ಮ ಇದ್ದಿದ್ದರೆ ತಿದ್ದಲು ಏನೂ ಸಿಗುತ್ತಿರಲಿಲ್ಲ.

ಕರಡು ನನ್ನ ಮೇಜಿಗೆ ಬಂತು. ಈಗ ನಾನು ಕಥೆಯ ಹಾಳೆಯನ್ನು ಪಕ್ಕದಲ್ಲಿಟ್ಟು ಸಾಲುಸಾಲು ಹೋಲಿಸುತ್ತೇನೆ. ಏಳು ಪುಟ ಸರಿಯಿತ್ತು. ಎಂಟನೆಯ ಪುಟದ ಕಡೆಯ ಚೌಕದಲ್ಲಿ ಗುಡುಗಣ್ಣ ಮತ್ತೆ ಅದೇ ನೀರಿನ ಟ್ಯಾಂಕಿನ ಮೇಲೆ ಕೂತಿದ್ದ. ಕಥೆಯ ಪ್ರಕಾರ ಅಲ್ಲಿ ಮಾತಿಲ್ಲ. ಅವನ ಬಾಯಿಂದಲೂ ಗುಳ್ಳೆ ಹೊರಟಿರಲಿಲ್ಲ. ಆದರೆ ಚೌಕದ ಗೆರೆಯ ಹೊರಗೆ, ಇಷ್ಟು ವರ್ಷ ನೀಲಿ ಮಾತ್ರ ಇರುತ್ತಿದ್ದ ಆ ಅಂಚಿನಲ್ಲಿ, ಸಣ್ಣದಾಗಿ, ಕಪ್ಪು ಶಾಯಿಯಲ್ಲಿ ಒಂದು ಸಾಲು ಇತ್ತು. ಬೂದಿಯಾಗದ, ಅಳಿಸಿದರೂ ಹೋಗದ, ಸಾವಿರಾರು ಮನೆಗಳಿಗೆ ಅಚ್ಚಾಗಿ ಹೋಗುವ ಕಪ್ಪು.

"ಇದ್ದೇನೆ ತಮ್ಮಾ. ಕೇಳಿಸಿತು."

ಕಥೆಯ ಹಾಳೆಯಲ್ಲಿ ಈ ಮಾತಿರಲಿಲ್ಲ. ನಿಯಮದ ಪ್ರಕಾರ ಹೊಡೆದುಹಾಕಬೇಕು. ಕೆಂಪು ಪೆನ್ನು ನನ್ನ ಕೈಯಲ್ಲೇ ಇತ್ತು. ಕಿಟಕಿಯ ಪಕ್ಕ ಅಕ್ಕ ನನ್ನ ಕಡೆ ನೋಡದ ಹಾಗೆ ನಿಬ್ಬು ತೊಳೆಯುತ್ತಿದ್ದರು.

ಎರಡು ಸಲ ಓದಿದೆ. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಸರಿ ಎಂದು ಗುರುತು ಹಾಕಿ ಕಳಿಸಿದೆ.